ಹರಿಹರದ ಲೇತು, ನಾಗಪುರದ ಉಂಗುರ

ಹೋದ ಏಪ್ರಿಲ್‌ನ ಒಂದು ಸಂಜೆ ವಾಕಿಂಗ್‌ಗೆ ಹೋದ ಅಪ್ಪ ಎರಡು ಗಂಟೆ ತಡವಾಗಿ ಮನೆಗೆ ಬಂದರು. ಅಷ್ಟರಲ್ಲಿ ನಾನೂ ನನ್ನ ಹೆಂಡತಿಯೂ ಮನೀಷ್ ನಗರದ ಅರ್ಧ ಗಲ್ಲಿಗಳನ್ನು ಸ್ಕೂಟರಿನಲ್ಲಿ ಸುತ್ತಿ ಮುಗಿಸಿದ್ದೆವು. ಅಪ್ಪನಿಗೆ ಹಿಂದಿ ಬರುವುದಿಲ್ಲ, ಮರಾಠಿ ಅಂತೂ ಇಲ್ಲವೇ ಇಲ್ಲ. ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟು ಹೋಗುವುದು ರೂಢಿ. ಬೈಯಬೇಕು ಅಂತಲೇ ಬಾಗಿಲಲ್ಲಿ ನಿಂತಿದ್ದೆ. ಆದರೆ ಕಣ್ಣು ಮೊದಲು ಹೋಗಿದ್ದು ಅವರ ಕೈ ಕಡೆ. ಹತ್ತೂ ಬೆರಳು ಕಪ್ಪು. ಗ್ರೀಸಿನ ಕಪ್ಪಲ್ಲ, ಪೆನ್ಸಿಲ್ ಪುಡಿ ಉಜ್ಜಿದಂಥ ಮಿರುಗುವ ಕಪ್ಪು. ಆ ಕಪ್ಪನ್ನು ನಾನು ಚಿಕ್ಕಂದಿನಿಂದ ನೋಡಿದವನು.

"ಎಲ್ಲಿಗೆ ಹೋಗಿದ್ರಿ?"

"ಇಲ್ಲೇ, ರೈಲ್ವೆ ಹಳಿ ಆಚೆ. ಹರಿಹರದ ಲೇತು ಒಂದು ಐತೆ ಅಲ್ಲಿ" ಅಂದು ಕೈ ತೊಳೆಯಲು ಹೋದರು.

ನಾಗಪುರಕ್ಕೆ ಬಂದು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಅವರು ತಾವಾಗಿಯೇ ಒಂದು ವಿಷಯ ಹೇಳಿದ್ದು ಅದೇ ಮೊದಲು ಅಂದರೆ ಹೆಚ್ಚು ಉತ್ಪ್ರೇಕ್ಷೆ ಆಗುವುದಿಲ್ಲ.

ಹರಿಹರದ ಲೇತು ಅನ್ನುವ ಮಾತು ನನಗೆ ಚುಚ್ಚಿದ್ದಕ್ಕೆ ಕಾರಣ ಇದೆ. ಅಪ್ಪ ದಾವಣಗೆರೆಯಲ್ಲಿ ಟರ್ನರ್. ಬಾಡಿಗೆ ಅಂಗಡಿ, ಒಂದೇ ಲೇತು, ಒಂದು ಡ್ರಿಲ್ಲಿಂಗ್ ಮಷಿನ್. ಲೇತು ಹರಿಹರದ್ದು, ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದು. ಅದರ ಮೇಲೆ ನನ್ನ ಮತ್ತು ಅಕ್ಕನ ಓದು, ಅಕ್ಕನ ಮದುವೆ, ಅಮ್ಮನ ಡಯಾಲಿಸಿಸ್ ಎಲ್ಲವೂ ನಡೆದಿತ್ತು. ಅಮ್ಮ ಹೋದ ಮೇಲೆ 73ರ ಅಪ್ಪನನ್ನು ಒಬ್ಬರನ್ನೇ ಅಲ್ಲಿ ಬಿಡುವ ಹಾಗಿರಲಿಲ್ಲ. ಕೈ ಬೇರೆ ನಡುಗಲು ಶುರುವಾಗಿತ್ತು. ಕಾಫಿ ಲೋಟ ಹಿಡಿದರೆ ತಟ್ಟೆಗೆ ತಾಳ ಬೀಳುತ್ತಿತ್ತು. ಅಂಗಡಿ ಮಾಲೀಕರು ಖಾಲಿ ಮಾಡಿ ಅಂದರು. ನನಗೆ ಸಿಕ್ಕಿದ್ದು ನಾಲ್ಕು ದಿನದ ರಜೆ. ಅಪ್ಪ ಹರಿಹರದಲ್ಲಿ ಅತ್ತೆ ಮನೆಗೆ ಹೋಗಿದ್ದ ದಿನ ಗುಜರಿಯವನನ್ನು ಕರೆಸಿದೆ. ಅವನು ಕ್ರೇನ್ ತಂದ, ತೂಕ ಹಾಕಿದ, ಕೆ.ಜಿ. ಲೆಕ್ಕದಲ್ಲಿ ದುಡ್ಡು ಎಣಿಸಿದ. ಫೋನಿನಲ್ಲಿ ವಿಷಯ ಹೇಳಿದಾಗ ಅಪ್ಪ "ಆತು" ಅಂದರು. ಅಷ್ಟೇ. ಆಮೇಲೆ ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿ ಇಬ್ಬರೂ ನಾಗಪುರಕ್ಕೆ ಬಂದೆವು. ಲೇತಿನ ಮಾತು ಮತ್ತೆ ಬರಲಿಲ್ಲ.

ಮಾರನೆಯ ದಿನ ಶನಿವಾರ. ಅಪ್ಪನ ಜೊತೆ ನಾನೂ ಹೋದೆ. ತಗಡಿನ ಶೆಡ್ಡು, ಮುಂದೆ ಬೇವಿನ ಮರ, ಮರದ ಕೆಳಗೆ ಬಿಚ್ಚಿ ಹಾಕಿದ ಒಂದು ಥ್ರೆಷರ್. ಮಾಲೀಕರು ಅರವತ್ತರ ಆಸುಪಾಸಿನವರು, ಎಲ್ಲರೂ ಕಾಕಾ ಅನ್ನುತ್ತಾರೆ. ಅಪ್ಪನನ್ನು ನೋಡಿದ್ದೇ "ಆವೋ ಅಣ್ಣಾ" ಅಂದು ಸ್ಟೂಲ್ ಎಳೆದರು. ಇಲ್ಲಿ ದಕ್ಷಿಣದವರೆಲ್ಲ ಅಣ್ಣಾನೇ. ಒಳಗೆ ಮೂಲೆಯಲ್ಲಿ ಲೇತು. ಹೆಡ್‌ಸ್ಟಾಕಿನ ಮೇಲಿನ ತಗಡಿನ ಪಟ್ಟಿಯಲ್ಲಿ ಮೈಸೂರು ಕಿರ್ಲೋಸ್ಕರ್, ಹರಿಹರ ಎಂದು ಇಂಗ್ಲಿಷ್ ಅಕ್ಷರಗಳು. ಹಿಂದಿನ ಸಂಜೆ ಅಪ್ಪ ಲೇತಿನ ಸದ್ದು ಕೇಳಿ ಬಾಗಿಲಲ್ಲಿ ನಿಂತಿದ್ದರಂತೆ. ಏನು ಬೇಕು ಅಂತ ಕಾಕಾ ಕೇಳಿದರೆ ಉತ್ತರ ಕೊಡಲು ಭಾಷೆ ಇಲ್ಲ. ಸೀದಾ ಒಳಗೆ ಹೋಗಿ ಆ ಪಟ್ಟಿಯ ಮೇಲೆ ಬೆರಳಿಟ್ಟು, ಆಮೇಲೆ ತಮ್ಮ ಎದೆಯ ಮೇಲೆ ಬೆರಳಿಟ್ಟರಂತೆ. ನಾನು ಹರಿಹರದ ಕಡೆಯವನು ಅಂತ. ಕಾಕಾ ಅದನ್ನು ಈ ಲೇತು ನನ್ನದು ಅಂದ ಹಾಗೆ ತಿಳಿದು ಒಂದು ಕ್ಷಣ ಗಾಬರಿಯಾದರಂತೆ. ಕತೆ ಹೇಳುವಾಗ ಇಬ್ಬರೂ ನಕ್ಕರು. ನಾನೂ ನಕ್ಕೆ, ಅವರಷ್ಟು ಆರಾಮಾಗಿ ಅಲ್ಲ.

ನಾಗಪುರದ ಶೆಡ್ಡಿಗೆ ಹರಿಹರದ ಲೇತು ಹೇಗೆ ಬಂತು ಅನ್ನುವುದು ಅಂಥ ಒಗಟೇನಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ತುಂಗಭದ್ರೆ ದಡದ ಹರಿಹರದಲ್ಲಿ ಶುರುವಾಯಿತು. ಅಲ್ಲಿಂದ ಹೊರಟ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಐ.ಟಿ.ಐ.ಗಳಿಗೆ, ಕಾರ್ಖಾನೆಗಳಿಗೆ, ಇಂಥ ಗಲ್ಲಿ ಶೆಡ್ಡುಗಳಿಗೆ ಹೋದವು. ಕಾರ್ಖಾನೆ ಈಗ ಇಲ್ಲ. ಲೇತುಗಳು ಇವೆ, ಅವು ಸುಲಭಕ್ಕೆ ಸಾಯುವ ಜಾತಿಯಲ್ಲ, ಗುಜರಿಗೆ ಹಾಕದಿದ್ದರೆ. ಕಾಕಾಗೆ ಕಿರ್ಲೋಸ್ಕರ್ ಅಂದರೆ ಮರಾಠಿ ಹೆಸರು, ಅಪ್ಪನಿಗೆ ಅದು ಪಕ್ಕದ ಊರಿನ ಫ್ಯಾಕ್ಟರಿ. ಇಬ್ಬರೂ ಅದನ್ನು ತಮ್ಮದು ಅಂದುಕೊಂಡಿದ್ದರಿಂದ ಜಗಳವಿಲ್ಲದೆ ಕೂತಿದ್ದರು.

ಭಾಷೆ ಕೂಡಿಸಿದ್ದು ಮಾತ್ರ ಬೇರೆ ಒಂದು ಪದ. ಎರಕದ ಕಬ್ಬಿಣಕ್ಕೆ ನಾವು ಬೀಡು ಅನ್ನುತ್ತೇವೆ. ಮರಾಠಿಯಲ್ಲೂ ಅದು ಬೀಡ್. ಹಿಂದಿನ ಸಂಜೆ ಕಾಕಾ ಒಂದು ಬೀಡಿನ ಬುಷ್ ಕೈಯಲ್ಲಿ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಅಪ್ಪ "ಬೀಡು" ಅಂದರು, ಕಾಕಾ "ಹಾಂ, ಬೀಡ್" ಅಂದರು. ಅಲ್ಲಿಂದ ಶುರು.

ತಲೆ ಕೆರೆದುಕೊಳ್ಳುತ್ತಿದ್ದ ವಿಷಯ ಇದು. ಕಾಕಾರ ಹೆಂಡತಿಯ ತಮ್ಮ ಕಾಟೋಲ್ ಕಡೆಯ ಕಿತ್ತಳೆ ರೈತ. ನಾಗಪುರದ ಕಿತ್ತಳೆ ಅಂತ ನಾವು ಬೆಂಗಳೂರಲ್ಲಿ ಕೊಳ್ಳುವುದು ಬೆಳೆಯುವುದು ಕಾಟೋಲ್, ನರಖೇಡ್, ವರೂಡ್ ಸುತ್ತ. ವಸಂತದಲ್ಲಿ ಹೂ ಬಿಟ್ಟ ಗಿಡಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಗೋಲಿ ಗಾತ್ರದ ಕಾಯಿ ಇರುತ್ತದೆ. ಆಗ ನೀರು ತಪ್ಪಿದರೆ ಕಾಯಿ ಉದುರುತ್ತದೆ. ಕರೆಂಟು ಕೈಕೊಟ್ಟಾಗ ಬಾವಿಯಿಂದ ನೀರೆತ್ತಲು ಅವರಲ್ಲಿ ಅವರಪ್ಪನ ಕಾಲದ ಒಂದು ನಿಧಾನದ ಡೀಸೆಲ್ ಎಂಜಿನ್. ಕಂಪನಿ ಹೆಸರಿನ ಪಟ್ಟಿ ಯಾವತ್ತೋ ಕಿತ್ತು ಹೋಗಿದೆ. ಸಿಲಿಂಡರನ್ನು ಎಷ್ಟು ಸಲ ಬೋರ್ ಮಾಡಿಸಿದ್ದಾರೋ, ಈಗಿನ ಅಳತೆ 108.4 ಮಿಲಿಮೀಟರ್. ಆ ಅಳತೆಯ ಪಿಸ್ಟನ್ ಉಂಗುರ ಯಾವ ಅಂಗಡಿಯಲ್ಲೂ ಇಲ್ಲ. ಹತ್ತಿರದ ಅಳತೆಯದ್ದನ್ನು ಉಜ್ಜಿ ಹಾಕಿದರೆ ಎಂಜಿನ್ ನೀಲಿ ಹೊಗೆ ಬಿಡುತ್ತದೆ, ನೀರೆತ್ತುವುದಿಲ್ಲ. ಹೊಸ ಎಂಜಿನ್ ತಗೊಳ್ಳಲಿ ಅಂತ ನಾನು ಅಂದೆ. ಕಾಕಾ ನನ್ನನ್ನು ಒಂದು ಸಲ ನೋಡಿದರು. ಹೋದ ಸಲದ ಕಿತ್ತಳೆ ರೇಟು ಎಷ್ಟಿತ್ತು ಗೊತ್ತಾ ಅಂತ ಕೇಳಿದರು. ಗೊತ್ತಿರಲಿಲ್ಲ.

"ಉಂಗುರ ಮಾಡಿದ್ರೆ ಆತು" ಅಂದರು ಅಪ್ಪ.

ಇಂಥದ್ದನ್ನು ಅಂಗಡಿಯಲ್ಲಿ ಕೂತು ಮಾಡಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಯಲಹಂಕದಲ್ಲಿ ಗೋಯೆಟ್ಜೆ ಪಿಸ್ಟನ್ ರಿಂಗ್ ಕಾರ್ಖಾನೆಯ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ. ಅದು ಅಂಥ ದೊಡ್ಡ ಕಾರ್ಖಾನೆಯ ಕೆಲಸ ಅಂತಲೇ ನನ್ನ ತಿಳಿವಳಿಕೆ. ಅಪ್ಪ ಹೇಳಿದರು, ಎಪ್ಪತ್ತರ ದಶಕದಲ್ಲಿ ದಾವಣಗೆರೆಯಲ್ಲಿ ಹತ್ತಿ ಜಿನ್ನಿಂಗಿನವರು, ಅಕ್ಕಿ ಗಿರಣಿಯವರು ಎಲ್ಲರ ಹತ್ತಿರವೂ ಹಳೆಯ ಎಂಜಿನ್. ಬಿಡಿಭಾಗ ಸಿಗುತ್ತಿರಲಿಲ್ಲ. ಅವರ ಮೇಸ್ತ್ರಿ ತಿಂಗಳಿಗೆ ನಲವತ್ತು ಐವತ್ತು ಉಂಗುರ ತಿರುಗಿಸುತ್ತಿದ್ದರಂತೆ. ಅಪ್ಪ ಕಲಿತಿದ್ದು ಅವರ ಕೈಕೆಳಗೆ.

ಉಂಗುರದ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪಿಸ್ಟನ್ ಸಿಲಿಂಡರಿಗೆ ಬಿಗಿಯಾಗಿ ಕೂರುವಂತಿಲ್ಲ. ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಸಡಿಲ ಬಿಟ್ಟರೆ ಒತ್ತಡವೆಲ್ಲ ಸಂದಿಯಿಂದ ಸೋರಿಹೋಗುತ್ತದೆ. ಮೊದಮೊದಲ ಉಗಿ ಎಂಜಿನ್ನುಗಳಲ್ಲಿ ಈ ಸಂದಿಗೆ ಸೆಣಬಿನ ಹಗ್ಗ ಸುತ್ತಿ ಕೊಬ್ಬು ಸವರುತ್ತಿದ್ದರು. 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಒಂದು ಕಡೆ ಸೀಳಿದ ಲೋಹದ ಉಂಗುರವನ್ನು ಪಿಸ್ಟನ್ನಿನ ಕಾಲುವೆಯೊಳಗೆ ಕೂರಿಸಿದರು. ಅದು ಸ್ಪ್ರಿಂಗಿನ ಹಾಗೆ ಹೊರಕ್ಕೆ ಒತ್ತಿಕೊಂಡು ಸಿಲಿಂಡರಿನ ಗೋಡೆ ಸವರುತ್ತದೆ. ಅದರ ಸ್ವಂತ ಒತ್ತಡ ಕಡಿಮೆಯೇ. ಎಂಜಿನ್ನಿನ ಅನಿಲ ಉಂಗುರದ ಬೆನ್ನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಅಂದರೆ ಸೋರಲು ಹೊರಟ ಅನಿಲವೇ ಸೋರಿಕೆಯನ್ನು ನಿಲ್ಲಿಸುತ್ತದೆ. ಇದನ್ನು ಓದಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಮಗ್ಗುಲಾದಳು.

ಇಷ್ಟಕ್ಕೆ ಸಿಲಿಂಡರಿನ ಅಳತೆಗೆ ಒಂದು ಬಳೆ ತಿರುಗಿಸಿ, ಸೀಳಿದರೆ ಸಾಲದೇ? ನಾನು ಕೇಳಿದ್ದೂ ಅದೇ. ಅಪ್ಪ ಕಾಕಾರ ಡಬ್ಬಿಯಿಂದ ಒಂದು ಹಳೆ ಉಂಗುರ ತೆಗೆದು ಬೆಂಚಿನ ಮೇಲಿಟ್ಟರು. ಅದರ ಬಾಯಿ ಒಂದು ಬೆರಳು ಅಗಲ ತೆರೆದಿತ್ತು. "ನೋಡು, ಹೊರಗಿದ್ದಾಗ ಇದು ದುಂಡಗಿಲ್ಲ. ಒಳಗೆ ಹೋಗಿ ಮುಚ್ಚಿಕೊಂಡಾಗ ದುಂಡಗಾಗಬೇಕು. ನೀ ದುಂಡಗೆ ಮಾಡಿ ಕೊಯ್ದು ಒತ್ತಿದ್ರೆ ಒಳಗೆ ಹೋಗಿ ಮೊಟ್ಟೆ ಆಗ್ತತೆ." ಆದ್ದರಿಂದ ದೊಡ್ಡದಾಗಿ ತಿರುಗಿಸಬೇಕು, ಒಂದು ತುಂಡು ಕೊಯ್ದು ತೆಗೆಯಬೇಕು, ಬಾಯಿ ಮುಚ್ಚಿ ಹಿಡಿದು, ಆ ಸ್ಥಿತಿಯಲ್ಲಿ ಮತ್ತೊಂದು ಸಲ ತಿರುಗಿಸಿ ದುಂಡಗೆ ಮಾಡಬೇಕು.

ಲೆಕ್ಕ ಕಾಗದದ ಮೇಲೆ ನಾನು ಮಾಡಿದೆ. ಅಲ್ಲಿ ನಾನು ಉಪಯೋಗಕ್ಕೆ ಬಂದ ಮೊದಲ ಕ್ಷಣ ಅದು. ಉಂಗುರದ ದಪ್ಪ 4.4 ಮಿ.ಮೀ. ಇರಬೇಕು ಅಂದರು ಅಪ್ಪ. ಅವರ ಲೆಕ್ಕ ಸಿಲಿಂಡರಿನ ಅಗಲದ ಇಪ್ಪತ್ತೈದರಲ್ಲಿ ಒಂದು ಪಾಲು, ಅದರ ಮೇಲೆ ಚೂರು. ಬಾಯಿಗೆ ದಪ್ಪದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, 14 ಮಿ.ಮೀ. 14 ಮಿ.ಮೀ. ಕೊಯ್ದು ಮುಚ್ಚಿದರೆ ಸುತ್ತಳತೆ ಅಷ್ಟು ಕಡಿಮೆಯಾಗುತ್ತದೆ. ಅದನ್ನು ಪೈಯಿಂದ ಭಾಗಿಸಿದರೆ ವ್ಯಾಸ ಸುಮಾರು 4.5 ಮಿ.ಮೀ. ಕುಗ್ಗುತ್ತದೆ. ಎರಡನೆಯ ಸಲ ತಿರುಗಿಸಲು 1 ಮಿ.ಮೀ.ಗಿಂತ ಚೂರು ಹೆಚ್ಚು ಬಿಡಬೇಕು. ಹಾಗಾದರೆ ಮೊದಲ ಹೊರ ಅಳತೆ 114. ನಾನು ಹೆಮ್ಮೆಯಿಂದ ಸಂಖ್ಯೆ ಓದಿದೆ. ಅಪ್ಪ ಅದಕ್ಕೂ ಮೊದಲೇ ಕ್ಯಾಲಿಪರನ್ನು 114ಕ್ಕೆ ಇಟ್ಟು ಕಾಯುತ್ತಿದ್ದರು.

ಮೂರು ಉಂಗುರ ಬೇಕಿತ್ತು; ಕೆಳಗಿನ ಆಯಿಲ್ ರಿಂಗ್ ಚೆನ್ನಾಗಿತ್ತು. "ಮೂರು ಬೇಕಂದ್ರೆ ಐದು ಮಾಡು" ಅಂದರು ಅಪ್ಪ. ಮಾಡು ಅಂದದ್ದು ನನಗೆ.

ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್. ಮಾಡಿದವನು. ಬಿ.ಇ. ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಅರ ಹಿಡಿದು ಫಿಟ್ಟಿಂಗ್ ಜಾಬ್ ಮಾಡಬೇಕಿತ್ತು. ಟರ್ನರ್ ಮಗನಾದ ನಾನು ಅದನ್ನು ಅಟೆಂಡರ್‌ಗೆ 50 ರೂಪಾಯಿ ಕೊಟ್ಟು ಮಾಡಿಸಿದ್ದೆ. ಅದರಲ್ಲಿ ಅಪ್ಪನ ಪಾಲೂ ಇದೆ. ಚಿಕ್ಕಂದಿನಲ್ಲಿ ಅಂಗಡಿಗೆ ಹೋದರೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು ಓದು ಅನ್ನುತ್ತಿದ್ದರು. ಲೇತು ನನಗೆ ಗೊತ್ತಿದ್ದದ್ದು ಬೆನ್ನ ಹಿಂದಿನ ಸದ್ದಾಗಿ. ಈಗ ಅವರ ಕೈ ನಡುಗುತ್ತದೆ, ಕಾಕಾರ ಟರ್ನರ್ ಬುಟೀಬೋರಿಯ ಕಾರ್ಖಾನೆಗೆ ಕೆಲಸಕ್ಕೆ ಹೋಗಿಬಿಟ್ಟಿದ್ದಾನೆ, ಕಾಕಾ ಮೂಲದಲ್ಲಿ ವೆಲ್ಡರ್. ಉಳಿದವನು ನಾನೊಬ್ಬ.

ಶನಿವಾರ, ಭಾನುವಾರಗಳೆಂದು ಮೂರು ವಾರ ಹಿಡಿಯಿತು. ಶೆಡ್ಡಿನ ತಗಡಿನ ಕೆಳಗೆ ಏಪ್ರಿಲ್ ಕೊನೆಯ ನಾಗಪುರ ಹೇಗಿರುತ್ತದೆ ಅಂತ ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಬೆಳಗ್ಗೆ ಆರಕ್ಕೆ ಹೋಗಿ, ತರ್ರಿ ಪೋಹೆ ತಿಂದು, ಹನ್ನೊಂದಕ್ಕೆ ಮುಗಿಸುತ್ತಿದ್ದೆವು. ಅಪ್ಪ ಅದನ್ನು ಅವಲಕ್ಕಿ ಅಂತ ಒಪ್ಪಿಕೊಳ್ಳಲೇ ಇಲ್ಲ. ತಿನ್ನುವುದನ್ನು ಬಿಡಲೂ ಇಲ್ಲ.

ಬೀಡನ್ನು ತಿರುಗಿಸುವುದು ಉಕ್ಕಿನ ಹಾಗಲ್ಲ. ಉಕ್ಕಾದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಬೀಡು ಪುಡಿಯಾಗಿ ಉದುರುತ್ತದೆ. ಒಳಗೆ ಎಳೆಎಳೆಯಾಗಿ ಗ್ರಾಫೈಟ್ ಇರುತ್ತದೆ, ಪೆನ್ಸಿಲ್ಲಿನಲ್ಲಿ ಇರುವುದೇ ಅದು. ಕೈ ಕಪ್ಪಾಗುವುದು ಅದರಿಂದ. ಉಂಗುರಕ್ಕೆ ಬೀಡೇ ಆಗಬೇಕು ಅನ್ನುವುದಕ್ಕೂ ಒಂದು ಕಾರಣ ಅದೇ: ಗ್ರಾಫೈಟ್ ತಾನೇ ಜಾರುತ್ತದೆ, ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನೀರು, ಕೂಲೆಂಟ್ ಏನೂ ಬೇಡ, ಒಣಗಿದ್ದಾಗಲೇ ತಿರುಗಿಸಬೇಕು. ಮೊದಲ ದಿನ ಬುಷ್ಷನ್ನು ಚಕ್ಕಿಗೆ ಕಟ್ಟಿ ಮಧ್ಯಕ್ಕೆ ತರುವುದಕ್ಕೇ ಒಂದೂವರೆ ಗಂಟೆ ಆಯಿತು. ಆಮೇಲೆ ಮೇಲ್ಚರ್ಮ ತೆಗೆಯುವುದು. ಎರಕದ ಮೇಲ್ಪದರ ಗಟ್ಟಿ, ಮರಳೂ ಅಂಟಿರುತ್ತದೆ. ನಾನು ಹೆದರಿ ಸ್ವಲ್ಪ ಸ್ವಲ್ಪವೇ ಕೆರೆಯುತ್ತಿದ್ದೆ. "ಅದರ ಅಡಿಗೇ ಹೋಗು, ಇಲ್ಲಾಂದ್ರೆ ಟೂಲಿನ ಮೂತಿ ಹೊಕ್ಕತೆ" ಅಂದರು. ಹೋದೆ. ಕಿರ್‌ ಅನ್ನುತ್ತಿದ್ದ ಸದ್ದು ಗಂಟಲು ಬಿಟ್ಟ ಹಾಗೆ ದಪ್ಪವಾಯಿತು. ಅಪ್ಪ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಟೂಲ್ ಮೊಂಡಾದದ್ದು ನನಗಿಂತ ಮುಂಚೆ ಅವರಿಗೆ ಗೊತ್ತಾಗುತ್ತಿತ್ತು.

ಕಷ್ಟವಾದದ್ದು ಡಯಲ್. ಹಳೆಯ ಲೇತಿನ ಸ್ಕ್ರೂ ಸವೆದು ಸಡಿಲ ಇರುತ್ತದೆ. ಹಿಡಿ ಹಿಂದಕ್ಕೆ ತಿರುಗಿಸಿದರೆ ಮೊದಲ ಕಾಲು ಸುತ್ತು ಟೂಲ್ ಅಲ್ಲಾಡುವುದೇ ಇಲ್ಲ. ಒಂದು ಗೆರೆ ದಾಟಿ ಹೋದೆ ಅಂತ ಅದೇ ಒಂದು ಗೆರೆ ಹಿಂದೆ ಬಂದರೆ ಏನೂ ಆಗಿರುವುದಿಲ್ಲ, ಆಗಿದೆ ಅಂತ ನಾವು ನಂಬಿರುತ್ತೇವೆ. ಪೂರ್ತಿ ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕು. ಇದನ್ನು ನಾನು ಮರೆತದ್ದರಿಂದ ಒಂದು ಬುಷ್ಷೇ ಹಾಳಾಯಿತು. ಕಾಕಾ ಎರಡನೆಯದನ್ನು ಫೌಂಡ್ರಿಯಿಂದ ತರಿಸಿದರು, ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಹೊರಗೆ 114, ಒಳಗೆ 103. ಪಾರ್ಟಿಂಗ್ ಟೂಲ್ ಹಾಕಿ 5.2 ಮಿ.ಮೀ. ಅಗಲದ ಬಳೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಪಿಸ್ಟನ್ನಿನ ಕಾಲುವೆಗಳನ್ನು ಸರಿಮಾಡಿ 5.00ಕ್ಕೆ ತಂದಿದ್ದೆವು. ಉಂಗುರ 4.95ಕ್ಕೆ ಬರಬೇಕು. ಸರ್ಫೇಸ್ ಪ್ಲೇಟಿನ ಮೇಲೆ ಎಮೆರಿ ಕಾಗದ ಹಾಸಿ, ಎಣ್ಣೆ ಹಾಕಿ, ಎಂಟರ ಆಕಾರದಲ್ಲಿ ಉಜ್ಜುವುದು. ಈ ಕೆಲಸ ಮಾತ್ರ ಅಪ್ಪ ತಾವೇ ಮಾಡಿದರು. ಅಂಗೈ ಒತ್ತಿ ಉಜ್ಜುವಾಗ ಅವರ ಕೈ ನಡುಗುತ್ತಿರಲಿಲ್ಲ. ಹಾಗೆ ನೋಡಿದ್ದು ನಾನು ಅದೇ ಮೊದಲು. ಒಂದೊಂದು ಉಂಗುರಕ್ಕೆ ಅರ್ಧ ಗಂಟೆ, ಮಧ್ಯೆ ಮಾತಿಲ್ಲ.

ಆಮೇಲೆ ಗರಗಸದಲ್ಲಿ 14 ಮಿ.ಮೀ. ತುಂಡು ತೆಗೆದದ್ದು. ಕೊಯ್ದ ಉಂಗುರವನ್ನು ಬಾಯಿ ಮುಚ್ಚಿ ಒಂದು ಕೊಳವೆಯೊಳಗೆ ತಳ್ಳಿ, ಮಧ್ಯೆ ಮ್ಯಾಂಡ್ರೆಲ್ ತೂರಿಸಿ, ಎರಡು ಕಡೆಯಿಂದ ದಪ್ಪ ತಟ್ಟೆ ಹಾಕಿ ನಟ್ ಬಿಗಿದು, ಕೊಳವೆಯನ್ನು ಹೊರಗೆಳೆದೆವು. ಐದು ಉಂಗುರ ಬಾಯಿ ಮುಚ್ಚಿಕೊಂಡು ಒಂದರ ಪಕ್ಕ ಒಂದು ನಿಂತಿದ್ದವು. ಅದನ್ನು ಲೇತಿಗೆ ಕಟ್ಟಿ ಟೂಲ್ ತಾಗಿಸಿದಾಗ ಒಂದು ಕಡೆ ಕೆರೆದು ಇನ್ನೊಂದು ಕಡೆ ಗಾಳಿ ಹೊಡೆಯಿತು. ಅಪ್ಪ ಹೇಳಿದ ಮೊಟ್ಟೆ ಅಂದರೆ ಅದು. ಸುತ್ತ ಒಂದೇ ಸಮ ಕೆರೆಯುವ ತನಕ ಹೋಗಿ, ಅಲ್ಲಿಂದ 108.4ಕ್ಕೆ. ಒಳಮೈಗೂ ಇನ್ನೊಂದು ಗಡಿಗೆಯಂಥದ್ದು ಮಾಡಿ ಕೂರಿಸಿ 99.6ಕ್ಕೆ ಬೋರ್.

ಕೊನೆಯ ಅಳತೆಯನ್ನು ಅಪ್ಪ ಆ ದಿನ ತೆಗೆಯಲು ಬಿಡಲಿಲ್ಲ. "ಸಿಲಿಂಡರ್ ಪಕ್ಕದಾಗೆ ಇಟ್ಟು ಮನೆಗೆ ನಡಿ. ಎರಡೂ ಒಂದೇ ಬಿಸಿಗೆ ಬರ್ಲಿ." ಆಮೇಲೆ ನೋಡಿದೆ, ಜಗತ್ತಿನ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. ನಾಗಪುರದ 45 ಡಿಗ್ರಿಯಲ್ಲಿ ನಮ್ಮ ಉಂಗುರ ಮಿ.ಮೀ.ಯ ನೂರರಲ್ಲಿ ಮೂರು ಪಾಲು ದೊಡ್ಡದಾಗಿರುತ್ತದೆ. ಸಿಲಿಂಡರೂ ಬೀಡೇ ಆದ್ದರಿಂದ ಜೊತೆಗಿಟ್ಟರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ವ್ಯತ್ಯಾಸ ಉಳಿಯುವುದಿಲ್ಲ. ಬಾಯಿಯ ಸಂದು ಎಷ್ಟಿರಬೇಕು ಅನ್ನುವುದಕ್ಕೂ ಅವರದು ಮೇಸ್ತ್ರಿಯ ಲೆಕ್ಕ, ಇಂಚಿಗೆ ನಾಲ್ಕು ಥೌಸಂಡ್. ಇದಕ್ಕೆ 0.43 ಮಿ.ಮೀ. ನಾನು ಮೊಬೈಲಿನಲ್ಲಿ ಬೇರೆ ದಾರಿಯಿಂದ ಲೆಕ್ಕ ಹಾಕಿದೆ: ಉಂಗುರ ಸಿಲಿಂಡರಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ 340 ಮಿ.ಮೀ. ಸುತ್ತಳತೆ 0.37ರಷ್ಟು ಬೆಳೆಯುತ್ತದೆ. ಸಂದು ಅದಕ್ಕಿಂತ ಕಡಿಮೆಯಿದ್ದರೆ ತುದಿಗೆ ತುದಿ ಒತ್ತಿ ಉಂಗುರ ಮುರಿಯುತ್ತದೆ, ಸಿಲಿಂಡರನ್ನೂ ಗೀರುತ್ತದೆ. ಮೇಸ್ತ್ರಿ ಇಟ್ಟದ್ದು ಸರಿಯಾಗಿಯೇ ಇತ್ತು. ಅವರು ನಾಲ್ಕನೇ ಕ್ಲಾಸು ಅಂತ ಅಪ್ಪ ಹೇಳಿದರು.

ಭಾನುವಾರ ಬೆಳಗ್ಗೆ ಬೆಳಕಿನ ಪರೀಕ್ಷೆ. ಖಾಲಿ ಸಿಲಿಂಡರಿನೊಳಗೆ ಉಂಗುರವನ್ನು ಇಳಿಸಿ, ಕೆಳಗಿನಿಂದ ದೀಪ ಹಿಡಿದು, ಮೇಲಿನಿಂದ ನೋಡುವುದು. ಅಂಚಿನಲ್ಲಿ ಬೆಳಕು ಕಂಡರೆ ಅಲ್ಲಿ ಸೋರುತ್ತದೆ. ಅಪ್ಪನ ಒಂದು ಕಣ್ಣಿಗೆ ಪೊರೆ ಬಂದಿದೆ, ನಾನೇ ಬಗ್ಗಬೇಕಾಯಿತು. ಕಾಕಾ ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿದರು. ಮೊದಲನೆಯದರಲ್ಲಿ ಎರಡು ಕಡೆ ಕೂದಲಿನ ಹಾಗೆ ಬೆಳ್ಳಗೆ ಗೆರೆ. "ಎಲ್ಲಿ? ಬಾಯಿ ಹತ್ರನಾ, ಬೆನ್ನ ಕಡೆನಾ?" ಬೆನ್ನ ಕಡೆ ಅಂದೆ. ಬೆನ್ನ ಕಡೆಯಾದರೆ ಎಂಜಿನ್ ಓಡಿದ ಮೇಲೆ ತಾನೇ ಸವೆದು ಕೂರುತ್ತದೆ, ಬಾಯಿ ಹತ್ತಿರ ಇದ್ದರೆ ಬಿಸಾಕಬೇಕು ಅಂದರು. ಎರಡನೆಯದು, ಮೂರನೆಯದು, ನಾಲ್ಕನೆಯದರಲ್ಲಿ ಕತ್ತಲು. ಪೂರ್ತಿ ಕತ್ತಲು. ಮೂರು ವಾರದ ದುಡಿತದ ಫಲ ಏನೂ ಕಾಣದಿರುವುದು. ನಾನು ಎದ್ದು ನಿಂತು ಏನೂ ಕಾಣ್ತಿಲ್ಲ ಅಂತ ಕೂಗಿದೆ, ಕಾಕಾ ಟಾರ್ಚ್ ಸರಿಯಾಗಿ ಹಿಡಿದಿಲ್ಲವೇನೋ ಅಂತ ಹೆದರಿ ಅಲ್ಲಾಡಿಸಿದರು.

ಐದನೆಯದು ಪರೀಕ್ಷೆಯ ತನಕ ಬರಲಿಲ್ಲ. ಉತ್ಸಾಹದಲ್ಲಿ ಅದನ್ನು ಪಿಸ್ಟನ್ ಮೇಲೆ ಹಾಕಿ ನೋಡೋಣ ಅಂತ ಎರಡೂ ಹೆಬ್ಬೆರಳಿನಿಂದ ಬಾಯಿ ಅಗಲಿಸಿದೆ. ಟಕ್ ಅಂತು. ಎರಡು ತುಂಡು ಎರಡು ಕೈಯಲ್ಲಿ. ಬೀಡು ಬಾಗುವುದಿಲ್ಲ, ಒಂದು ಮಿತಿಯ ತನಕ ಬಗ್ಗಿ ನೇರವಾಗಿ ಮುರಿಯುತ್ತದೆ. ನಾನು ಅಪ್ಪನ ಮುಖ ನೋಡಲಾಗದೆ ನಿಂತಿದ್ದೆ. ಅವರು ತುಂಡು ತೆಗೆದುಕೊಂಡು ಮುರಿದ ಜಾಗವನ್ನು ಬೆಳಕಿಗೆ ಹಿಡಿದು "ಬೀಡು ಚಲೋ ಐತೆ, ಕಾಳು ಸಣ್ಣಗೈತೆ" ಅಂದರು. ಉಳಿದವನ್ನು ತೆಳುವಾದ ತಗಡಿನ ಪಟ್ಟಿಗಳ ಮೇಲೆ ಜಾರಿಸಿ ಅವರೇ ಹಾಕಿಸಿದರು. ಬಾಯಿಗಳು ಒಂದರ ಕೆಳಗೆ ಒಂದು ಬಾರದ ಹಾಗೆ ತಿರುಗಿಸಿಟ್ಟರು.

ಕಾಟೋಲ್ ನಾಗಪುರದಿಂದ ಸುಮಾರು 60 ಕಿಲೋಮೀಟರ್. ಸಿಲಿಂಡರ್, ಪಿಸ್ಟನ್ ಎಲ್ಲ ನನ್ನ ಕಾರಿನ ಡಿಕ್ಕಿಯಲ್ಲಿ, ಹಳೆ ಬೆಡ್‌ಶೀಟಿನಲ್ಲಿ ಸುತ್ತಿ. ತೋಟದಲ್ಲಿ ಗಿಡಗಳ ಕೆಳಗೆ ಉದುರಿದ ಗೋಲಿಕಾಯಿಗಳ ಹಾಸು, ಕಾಲಿಟ್ಟಲ್ಲೆಲ್ಲ ಚಟಚಟ. ರೈತ ನಮ್ಮನ್ನು ನೋಡಿ ಖುಷಿಪಟ್ಟ ಹಾಗೆ ಕಾಣಲಿಲ್ಲ. ಇಷ್ಟು ಸಲ ಇಷ್ಟು ಜನ ಸರಿಮಾಡಿ ಹೋಗಿದ್ದಾರಲ್ಲ. ಮಧ್ಯಾಹ್ನ ಎರಡರ ತನಕ ಜೋಡಣೆ. ಆಮೇಲೆ ಅಪ್ಪ ಡೀಸೆಲ್ ಬಿಡುವುದಕ್ಕೂ ಮುಂಚೆ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ಅಂದರು. ರೈತ ತಿರುಗಿಸಿದ. ಅದು ಮುಕ್ಕಾಲು ಸುತ್ತು ಹೋಗಿ ನಿಂತು, ಗೂಳಿ ತಲೆ ಒಗೆದ ಹಾಗೆ ಅವನ ಕೈಯನ್ನು ಹಿಂದಕ್ಕೆ ತಳ್ಳಿತು. ರೈತ ಒಂದು ಹೆಜ್ಜೆ ಹಿಂದೆ ಸರಿದ. ಅವನ ಮುಖದಲ್ಲಿ ನಗು ಬಂದದ್ದು ಆಗ. ಅಪ್ಪ ನಡುಗುವ ಅಂಗೈಯನ್ನು ಚಕ್ರದ ಮೇಲಿಟ್ಟು ತಾವೂ ಒಂದು ಸಲ ತಳ್ಳಿಸಿಕೊಂಡರು.

ಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ಹೊಡೆದು ಲಿವರ್ ಬಿಟ್ಟಾಗ ಎರಡನೇ ಸಲಕ್ಕೆ ಹಿಡಿಯಿತು. ಮೊದಲು ಬಿಳಿ ಹೊಗೆ, ಆಮೇಲೆ ತೆಳು ನೀಲಿ. ಹತ್ತು ಹನ್ನೆರಡು ಗಂಟೆ ಓಡಿ ಉಂಗುರ ಗೋಡೆಗೆ ಒಗ್ಗುವ ತನಕ ಹೀಗೇ ಇರುತ್ತೆ, ಪೂರ್ತಿ ಭಾರ ಹಾಕಬೇಡಿ, ಎಣ್ಣೆ ಬದಲಿಸಿ ಅಂತ ಅಪ್ಪ ಕನ್ನಡದಲ್ಲಿ ಹೇಳಿದರು. ನಾನು ಹಿಂದಿಯಲ್ಲಿ ಹೇಳಲು ಹೊರಟೆ. ಎಲ್ಲ ಅರ್ಥವಾಯಿತು ಅಂತ ರೈತ ಕೈ ಎತ್ತಿದ. ಪೈಪಿನಿಂದ ಮೊದಲು ಕೆಸರು, ಆಮೇಲೆ ನೀರು ಬಂತು.

ವಾಪಸ್ ಬರುವಾಗ ಕಾಕಾ ತಂಗಲು ಅಲ್ಲೇ ಉಳಿದರು. ಕಾರಿನಲ್ಲಿ ನಾವಿಬ್ಬರೇ. ಕಳಮೇಶ್ವರ ಹತ್ತಿರ ಬಂದಾಗ ಅಪ್ಪ ಕಿಟಕಿ ಕಡೆ ನೋಡಿಕೊಂಡೇ ಕೇಳಿದರು.

"ಲೇತು ಎಷ್ಟಕ್ಕೆ ಹೋತು?"

ಯಾವ ಲೇತು ಅಂತ ಕೇಳುವ ಅಗತ್ಯ ಇರಲಿಲ್ಲ. "28,350" ಅಂದೆ.

"ತೂಕದ ಲೆಕ್ಕದಾಗೆ?"

"ಹೂಂ. 27 ರೂಪಾಯಿ ಕೆ.ಜಿ.ಗೆ."

ಅವರು ಮನಸ್ಸಿನಲ್ಲೇ ಭಾಗಿಸಿ ನೋಡಿದರು ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು, "ತೂಕ ಸರಿ ಹಾಕ್ಯಾನೆ" ಅಂದರು. ಒಂದು ಟೋಲ್ ದಾಟಿದೆವು. "ಹೆಂಗೂ ಹೆಡ್‌ಸ್ಟಾಕ್ ಬೇರಿಂಗ್ ಹೋಗಿತ್ತು ಅದರದ್ದು. ಚಾಲ್ತಿ ಲೇತು ಅಂತ ಯಾರೂ ತಗಂತಿರ್ಲಿಲ್ಲ ಬಿಡು."

ಅಂಗಡಿ ಖಾಲಿ ಮಾಡುವಾಗ ಬಿಲ್ಲುಗಳ ಫೈಲನ್ನು ನಾನೇ ಮನೆಗೆ ತಂದಿದ್ದೆ. ಅಮ್ಮ ಆಸ್ಪತ್ರೆ ಸೇರುವುದಕ್ಕೆ ಮೂರು ತಿಂಗಳು ಮುಂಚಿನ ಬಿಲ್ಲೊಂದು ಅದರಲ್ಲಿದೆ, ಹೆಡ್‌ಸ್ಟಾಕಿನ ಹೊಸ ಬೇರಿಂಗ್ ಸೆಟ್ಟಿನದು. ನಾನು ಹೂಂ ಅಂದೆ.

"ನಾಳೆ ಕಾಕಾನ ಹತ್ರ ಒಂದು ಪುಲ್ಲಿ ಕೆಲಸ ಐತೆ. ಆಫೀಸಿಗೆ ಹೋಗ್ತಾ ಎಂಟಕ್ಕೆ ಬಿಡ್ತೀಯೇನು?" ಅಂದರು.